ಮೊದಲು ಚಿತ್ರ, ಆಮೇಲೆ ಕ್ಯಾಮೆರಾ



"ಸಾರ್, 25 ಸಾವಿರ ಕೂಡಿಸಿಟ್ಟಿದ್ದೀನಿ. ಯಾವ ಕ್ಯಾಮೆರಾ ತಗೊಳ್ಳಲಿ?" ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಓಡಾಡುವ ಯಾರಿಗಾದರೂ ಈ ಪ್ರಶ್ನೆ ತಪ್ಪಿದ್ದಲ್ಲ. ಕೇಳುವವರಲ್ಲಿ ಕಾಲೇಜು ಹುಡುಗರಿದ್ದಾರೆ, ಹೈಸ್ಕೂಲು ಮೇಷ್ಟ್ರಿದ್ದಾರೆ, ನಿವೃತ್ತಿಯಾದ ಮೇಲೆ ಹಕ್ಕಿ ನೋಡಲು ಹೊರಟವರಿದ್ದಾರೆ, ಪತ್ರಿಕೆಗೆ ಸುದ್ದಿ ಕಳಿಸುವ ತಾಲ್ಲೂಕು ವರದಿಗಾರರಿದ್ದಾರೆ. ನಾನು ನೇರವಾಗಿ ಉತ್ತರ ಹೇಳುವುದಿಲ್ಲ. "ನೀವು ಏನು ತೆಗೀಬೇಕು ಅಂತಿದ್ದೀರಿ?" ಎಂದು ತಿರುಗಿ ಕೇಳುತ್ತೇನೆ. ಹೆಚ್ಚಿನವರು "ಎಲ್ಲಾನೂ ತೆಗೀಬೇಕು ಸಾರ್" ಅನ್ನುತ್ತಾರೆ. ತೊಡಕು ಶುರುವಾಗುವುದೇ ಅಲ್ಲಿ. ಎಲ್ಲವನ್ನೂ ತೆಗೆಯುವ ಕ್ಯಾಮೆರಾ ಇಲ್ಲವೆಂದಲ್ಲ, ಇದೆ. ಆದರೆ ಅದಕ್ಕೆ ಲಕ್ಷಗಟ್ಟಲೆ ಸುರಿಯಬೇಕು. ಕಡಿಮೆ ಹಣಕ್ಕೆ ದಕ್ಕುವುದು ಒಂದು ಕೆಲಸವನ್ನು ಚೆನ್ನಾಗಿ ಮಾಡುವ ಕ್ಯಾಮೆರಾ. ಆ ಒಂದು ಕೆಲಸ ಯಾವುದು ಎಂಬುದನ್ನು ಅಂಗಡಿಯವನು ಹೇಳಲಾರ, ನಾನೂ ಹೇಳಲಾರೆ. ಅದನ್ನು ಕೊಳ್ಳುವವರೇ ಗಟ್ಟಿ ಮಾಡಿಕೊಳ್ಳಬೇಕು.

ಅಂಗಡಿಯಲ್ಲಿ ವ್ಯಾಪಾರ ನಡೆಯುವ ಕ್ರಮವನ್ನು ಒಮ್ಮೆ ನೆನಪಿಸಿಕೊಳ್ಳಿ. ಮೊದಲು ಕಂಪನಿಯ ಹೆಸರು, ಆಮೇಲೆ ಮಾಡೆಲ್ ನಂಬರ್, ಆಮೇಲೆ ಎಷ್ಟು ಮೆಗಾಪಿಕ್ಸೆಲ್ ಎಂಬ ಮಾತು, ಕೊನೆಗೆ ಒಂದು ಬ್ಯಾಗು, ಒಂದು ಮೆಮರಿ ಕಾರ್ಡು ಫ್ರೀ. ಲೆನ್ಸಿನ ಮಾತು ಬರುವುದೇ ಇಲ್ಲ. ಡಬ್ಬಿಯಲ್ಲಿ ಯಾವುದಿದೆಯೋ ಅದು. ಹಣ ಕಡಿಮೆ ಇರುವವರು ಈ ಕ್ರಮವನ್ನು ತಲೆಕೆಳಗು ಮಾಡಬೇಕು ಎಂಬುದೇ ಇವತ್ತಿನ ನನ್ನ ಮಾತಿನ ಸಾರ. ಮೊದಲು ನಿಮಗೆ ಬೇಕಾದ ಚಿತ್ರ ಯಾವುದು, ಅದು ಎಷ್ಟು ದೂರದಲ್ಲಿರುತ್ತದೆ, ಅಲ್ಲಿ ಎಷ್ಟು ಬೆಳಕಿರುತ್ತದೆ ಎಂದು ನೋಡಿ. ಅದಕ್ಕೆ ತಕ್ಕ ಲೆನ್ಸ್ ಯಾವುದೆಂದು ನೋಡಿ. ಆ ಲೆನ್ಸ್ ಹೊಂದುವ ಬಾಡಿಯನ್ನು, ಅಂದರೆ ಲೆನ್ಸ್ ಬಿಟ್ಟ ಬರಿಯ ಕ್ಯಾಮೆರಾವನ್ನು, ಕಟ್ಟಕಡೆಗೆ, ಉಳಿದ ಹಣದಲ್ಲಿ ಕೊಳ್ಳಿ.

ಅದಕ್ಕೂ ಮುಂಚೆ ಒಂದು ನಿಷ್ಠುರದ ಮಾತು. ನಿಮ್ಮ ಕೈಯಲ್ಲಿರುವುದು 10 ಸಾವಿರದೊಳಗಿನ ಹಣವಾದರೆ ಹೊಸ ಕ್ಯಾಮೆರಾ ಕೊಳ್ಳುವ ಯೋಚನೆಯನ್ನು ಸದ್ಯಕ್ಕೆ ಬಿಟ್ಟುಬಿಡಿ. ಆ ಬೆಲೆಯ ಜೇಬು ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸೆನ್ಸರ್ ನಿಮ್ಮ ಫೋನಿನ ಸೆನ್ಸರಿಗಿಂತ ದೊಡ್ಡದೇನಲ್ಲ. ಮಬ್ಬು ಬೆಳಕಿನಲ್ಲಿ ತೆಗೆದ ಚಿತ್ರವನ್ನು ತಿದ್ದಿ ತೀಡುವ ಜಾಣತನದಲ್ಲಂತೂ ಫೋನೇ ಮುಂದಿದೆ. ಇದನ್ನು ಪೇಟೆಯೂ ಒಪ್ಪಿಕೊಂಡಾಗಿದೆ. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಜಗತ್ತಿನ ಪೇಟೆಗಳಿಗೆ ರವಾನೆಯಾದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2023ರಲ್ಲಿ ಆ ಸಂಖ್ಯೆ 80 ಲಕ್ಷವನ್ನೂ ಮುಟ್ಟಲಿಲ್ಲ. ಫೋನು ನುಂಗಿದ್ದರಲ್ಲಿ ಬಹುಪಾಲು ಇಂಥ ಜೇಬು ಕ್ಯಾಮೆರಾಗಳನ್ನೇ. ಈಚೆಗೆ ಹುಡುಗ ಹುಡುಗಿಯರು ಇಪ್ಪತ್ತು ವರ್ಷ ಹಳೆಯ ಪುಟ್ಟ ಕ್ಯಾಮೆರಾಗಳನ್ನು ಅವುಗಳ ಬಣ್ಣದ ಸೊಗಸಿಗಾಗಿ ಹುಡುಕಿ ಕೊಳ್ಳುತ್ತಿದ್ದಾರೆ. ಅದೊಂದು ಖುಷಿ, ತಪ್ಪಲ್ಲ. ಆದರೆ ಇರುವ ಹಣವನ್ನೆಲ್ಲ ಅದಕ್ಕೆ ಹಾಕಬೇಡಿ.

ಕೆಲವರಿಗೆ ಕ್ಯಾಮೆರಾ ಬೇಕೇ ಆಗಿರುವುದಿಲ್ಲ. ಮನೆಯಿಂದಲೇ ಇಳಕಲ್ ಸೀರೆ ಮಾರುವ ಹೆಣ್ಣುಮಗಳೊಬ್ಬಳು ಇದ್ದಾಳೆ ಎಂದುಕೊಳ್ಳಿ. ಫೋನಿನಲ್ಲಿ ತೆಗೆದರೆ ಸೆರಗಿನ ಕೆಂಪು ಕಿತ್ತಳೆಯಾಗಿ ಕಾಣುತ್ತದೆ, ಗಿರಾಕಿ ಸೀರೆ ವಾಪಸ್ ಕಳಿಸುತ್ತಾರೆ, ಅದಕ್ಕೆ ಕ್ಯಾಮೆರಾ ಕೊಳ್ಳಬೇಕು ಎಂಬುದು ಅವಳ ಆಲೋಚನೆ. ತಪ್ಪು ಫೋನಿನದಲ್ಲ. ಕಿಟಕಿಯಿಂದ ಹಗಲಿನ ಬೆಳಕು ಬರುತ್ತಿದೆ, ಮೇಲೆ ಹಳದಿ ಬಲ್ಬು ಉರಿಯುತ್ತಿದೆ. ಎರಡು ಬಣ್ಣದ ಬೆಳಕು ಬೆರೆತರೆ ಎಷ್ಟು ದೊಡ್ಡ ಕ್ಯಾಮೆರಾಕ್ಕೂ ದಾರಿ ತಪ್ಪುತ್ತದೆ. ಬಲ್ಬು ಆರಿಸಿ, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಸೀರೆ ಹರಡಿ, ಎದುರು ಬದಿಗೆ ಒಂದು ಬಿಳಿ ಥರ್ಮಾಕೋಲ್ ಹಲಗೆ ನಿಲ್ಲಿಸಿ, ಫೋನನ್ನು ಟ್ರೈಪಾಡಿಗೆ ಸಿಕ್ಕಿಸಿ. ಬಿಳಿ ಹಾಳೆಯೊಂದನ್ನು ಸೀರೆಯ ಪಕ್ಕ ಇಟ್ಟು, ಆ ಹಾಳೆ ಬೆಳ್ಳಗೆ ಕಾಣುವವರೆಗೆ ವೈಟ್ ಬ್ಯಾಲೆನ್ಸ್ ಸರಿಪಡಿಸಿ. ಟ್ರೈಪಾಡು, ಥರ್ಮಾಕೋಲು ಎರಡೂ ಸೇರಿ ಎರಡು ಸಾವಿರ ದಾಟುವುದಿಲ್ಲ. ಸೆರಗು ಕೆಂಪಾಗಿಯೇ ಬರುತ್ತದೆ.

ಇನ್ನು ಕ್ಯಾಮೆರಾ ಬೇಕೇ ಬೇಕು ಎನ್ನುವವರ ವಿಷಯಕ್ಕೆ ಬರೋಣ. ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ಮೆಗಾಪಿಕ್ಸೆಲ್. 1975ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಜೋಡಿಸಿದ ಮೊದಲ ಡಿಜಿಟಲ್ ಕ್ಯಾಮೆರಾದಲ್ಲಿ ಇದ್ದದ್ದು ಅಡ್ಡ 100, ಉದ್ದ 100, ಒಟ್ಟು 10 ಸಾವಿರ ಪಿಕ್ಸೆಲ್. ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿನ ಮೇಲೆ ಬರೆಯಲು ಅದಕ್ಕೆ 23 ಸೆಕೆಂಡು ಹಿಡಿಯುತ್ತಿತ್ತು. ಆ ಕಾಲಕ್ಕೆ ಪಿಕ್ಸೆಲ್ ಲೆಕ್ಕಕ್ಕೆ ಅರ್ಥವಿತ್ತು. ಇವತ್ತು ಅದನ್ನು ಬೇರೆ ರೀತಿ ನೋಡಬೇಕು. ನಿಮ್ಮ ಮನೆಯ ಫುಲ್ ಎಚ್‌ಡಿ ಟೀವಿ ತೋರಿಸುವುದು ಹೆಚ್ಚುಕಡಿಮೆ 2 ಮೆಗಾಪಿಕ್ಸೆಲ್. 4ಕೆ ಟೀವಿಯಾದರೂ 8 ಚಿಲ್ಲರೆ. 2008ರಲ್ಲಿ ಬಂದ ನಿಕಾನ್ ಡಿ90ರಂಥ 12 ಮೆಗಾಪಿಕ್ಸೆಲ್ಲಿನ ಕ್ಯಾಮೆರಾ ಕೊಡುವ ಚಿತ್ರವನ್ನು ಅಂಗುಲಕ್ಕೆ 300 ಚುಕ್ಕಿಯ ಒಳ್ಳೆಯ ಮುದ್ರಣದಲ್ಲಿ 14 ಅಂಗುಲ ಅಗಲಕ್ಕೆ ಅಚ್ಚು ಹಾಕಿಸಬಹುದು. ಗೋಡೆಗೆ ನೇತುಹಾಕಲು ಅಷ್ಟು ಸಾಲದೇ? ಫೋನಿನ ಮೇಲೆ ಬರೆದಿರುವ 108, 200 ಎಂಬ ಅಂಕಿಗಳೂ ಅಷ್ಟೇ. ಆ ಫೋನುಗಳು ಮಾಮೂಲಿಯಾಗಿ 9 ಅಥವಾ 16 ಪಿಕ್ಸೆಲ್‌ಗಳನ್ನು ಒಂದಾಗಿ ಸೇರಿಸಿ ಕೊನೆಗೆ 12 ಮೆಗಾಪಿಕ್ಸೆಲ್ ಆಸುಪಾಸಿನ ಚಿತ್ರವನ್ನೇ ಕೊಡುತ್ತವೆ.

ಪಿಕ್ಸೆಲ್ಲಿಗಿಂತ ಮುಖ್ಯವಾದದ್ದು ಆ ಪಿಕ್ಸೆಲ್‌ಗಳು ಕೂತಿರುವ ಸೆನ್ಸರಿನ ವಿಸ್ತಾರ. ಒಂದೇ ಎಕರೆ ಗದ್ದೆಗೆ ಎಷ್ಟು ಬದು ಹಾಕಿದರೂ ಗದ್ದೆಗಳ ಲೆಕ್ಕ ಹೆಚ್ಚೀತೇ ಹೊರತು ಬೀಳುವ ಮಳೆ ಹೆಚ್ಚುವುದಿಲ್ಲ. ಸೆನ್ಸರಿನ ಮೇಲೆ ಬೀಳುವ ಬೆಳಕೂ ಹಾಗೆಯೇ. ಜೇಬು ಕ್ಯಾಮೆರಾಗಳಲ್ಲಿ, ಭಾರಿ ಜೂಮಿನ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿರುವ ಸೆನ್ಸರ್ ಸುಮಾರು 6.2 ಮಿಲಿಮೀಟರ್ ಅಗಲ, 4.6 ಮಿಲಿಮೀಟರ್ ಎತ್ತರ. ಬೆರಳ ತುದಿಗಿಂತ ಚಿಕ್ಕದು. ಲೆನ್ಸ್ ಬದಲಿಸಬಹುದಾದ ಸಾಧಾರಣ ಕ್ಯಾಮೆರಾಗಳಲ್ಲಿ ಎಪಿಎಸ್-ಸಿ ಎಂಬ ಅಳತೆಯ ಸೆನ್ಸರ್ ಇರುತ್ತದೆ, ಅದು 23.5ಕ್ಕೆ 15.6 ಮಿಲಿಮೀಟರ್, ಕ್ಯಾನನ್‌ನಲ್ಲಿ ಕೊಂಚ ಚಿಕ್ಕದು. ಗುಣಿಸಿ ನೋಡಿದರೆ ಮೊದಲಿನದಕ್ಕಿಂತ 12–13 ಪಟ್ಟು ದೊಡ್ಡದು. ಸಂಜೆಗತ್ತಲಲ್ಲಿ ತೆಗೆದ ಮುಖದ ಚಿತ್ರದಲ್ಲಿ ಮರಳು ಎರಚಿದಂತೆ ಕಾಣದೆ ಚರ್ಮ ಚರ್ಮದ ಹಾಗೆಯೇ ಕಂಡರೆ ಅದಕ್ಕೆ ಈ ವಿಸ್ತಾರವೇ ಕಾರಣ. ಇದಕ್ಕಿಂತ ದೊಡ್ಡದಾದ ಫುಲ್ ಫ್ರೇಮ್ ಸೆನ್ಸರ್ ಇದೆ. ಅದರ ಲೆನ್ಸುಗಳ ಬೆಲೆ ಕೇಳಿದರೆ ನಮ್ಮ ಬಜೆಟ್ಟಿನವರಿಗೆ ಅದು ಬೇಡವೆಂದು ಅರ್ಥವಾಗುತ್ತದೆ. ನಮಗೆ ಎಪಿಎಸ್-ಸಿ ಸಾಕು.

ಈಗ ಲೆನ್ಸಿನ ಮಾತು. ಹೊಸ ಕ್ಯಾಮೆರಾದ ಜೊತೆ ಬರುವ 18-55 ಮಿಲಿಮೀಟರಿನ ಲೆನ್ಸಿಗೆ ಕಿಟ್ ಲೆನ್ಸ್ ಅನ್ನುತ್ತೇವೆ. ಹಗಲಿನಲ್ಲಿ ಊರು, ಬೆಟ್ಟ, ಗುಡಿ, ಗುಂಪು ತೆಗೆಯಲು ಅದಕ್ಕೇನೂ ಕೊರತೆಯಿಲ್ಲ. ಅದರ ಬಂಡವಾಳ ಬಯಲಾಗುವುದು ಬೆಳಕು ಇಳಿದ ಮೇಲೆ. ಕರಾವಳಿಯ ಯಕ್ಷಗಾನ ಬಯಲಾಟವನ್ನೇ ತೆಗೆದುಕೊಳ್ಳಿ. ನಡುರಾತ್ರಿ, ರಂಗಸ್ಥಳದ ಮೇಲೆ ನಾಲ್ಕು ದೀಪ, ಪುಂಡುವೇಷ ದಿಗಿಣ ಹಾಕುತ್ತಿದೆ. ಫ್ಲಾಶ್ ಹಾಕಿದರೆ ಕಲಾವಿದರಿಗೆ ತೊಂದರೆ, ಬಣ್ಣಗಾರಿಕೆಯೂ ಸಪ್ಪೆಯಾಗುತ್ತದೆ. ಕಿಟ್ ಲೆನ್ಸನ್ನು 55ಕ್ಕೆ ಎಳೆದಾಗ ಬೆಳಕು ಒಳಬರುವ ಅದರ ಕಿಂಡಿ, ಅಂದರೆ ಅಪರ್ಚರ್, ಎಫ್ 5.6ಕ್ಕಿಂತ ಅಗಲವಾಗಿ ತೆರೆಯುವುದಿಲ್ಲ. ಐಎಸ್‌ಒ ಎಂಬ ಬೆಳಕಿನ ಸೂಕ್ಷ್ಮತೆಯ ಅಳತೆಯನ್ನು ಏರಿಸಬಹುದಾದಷ್ಟು ಏರಿಸಿದ ಮೇಲೂ ಶಟರ್ ವೇಗ 1/50 ಸೆಕೆಂಡಿನಲ್ಲಿ ನಿಂತಿತು ಅಂದುಕೊಳ್ಳಿ. ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ತಿರುಗುತ್ತಿರುವ ವೇಷಧಾರಿ ಚಿತ್ರದಲ್ಲಿ ಬರೀ ಕೆಂಪು ಹಸಿರಿನ ಎಳೆತವಾಗಿಬಿಡುತ್ತಾನೆ. ಅದೇ ಜಾಗದಲ್ಲಿ ನಿಂತು, ಅದೇ ಬಾಡಿಗೆ 50 ಮಿಲಿಮೀಟರಿನ ಎಫ್ 1.8 ಲೆನ್ಸ್ ಹಾಕಿ. ಎಫ್ ಮುಂದಿನ ಅಂಕಿ ಚಿಕ್ಕದಾದಷ್ಟೂ ಬೆಳಕಿನ ದಾರಿ ದೊಡ್ಡದು, 5.6ರಿಂದ 1.8ಕ್ಕೆ ಬಂದರೆ ಒಳಗೆ ಬರುವ ಬೆಳಕು ಹತ್ತಿರಹತ್ತಿರ 10 ಪಟ್ಟು. ಅಂದರೆ 1/50 ಇದ್ದ ಶಟರ್ 1/500ಕ್ಕೆ ಏರುತ್ತದೆ. ದಿಗಿಣದ ನಡುವೆ ನೆಲ ಬಿಟ್ಟ ಗೆಜ್ಜೆ ಕಾಲು ಸ್ಪಷ್ಟವಾಗಿ ನಿಲ್ಲುತ್ತದೆ, ವೇಷದ ಮಿಂಚು ಕೂಡ ಉಳಿಯುತ್ತದೆ.

ಈ 50 ಮಿಲಿಮೀಟರಿನ ಲೆನ್ಸ್ ಕ್ಯಾನನ್, ನಿಕಾನ್ ಎರಡರ ಪಟ್ಟಿಯಲ್ಲೂ ತೀರ ಅಗ್ಗದ ಲೆನ್ಸುಗಳಲ್ಲಿ ಒಂದು. ಕ್ಯಾನನ್ 2015ರಲ್ಲಿ ತಂದ ಎಸ್‌ಟಿಎಂ ಮಾದರಿಯ ತೂಕ 160 ಗ್ರಾಂ ಮಾತ್ರ. ಜೂಮ್ ಇಲ್ಲ, ಹತ್ತಿರ ದೂರಕ್ಕೆ ನಿಮ್ಮ ಕಾಲೇ ನಡೆಯಬೇಕು. ನಾಟಕ, ಸಂಗೀತ ಕಛೇರಿ, ಮಂಟಪದಲ್ಲಿ ಕೂತ ಮದುಮಕ್ಕಳು, ಮನೆಯ ಮಕ್ಕಳ ಮುಖ ಇವಕ್ಕೆಲ್ಲ ಇದು ಹೇಳಿಮಾಡಿಸಿದ್ದು. ಚಿಕ್ಕ ಕೋಣೆಯಲ್ಲಿ ನಾಮಕರಣ, ಶಾಲೆಯ ತರಗತಿ ತೆಗೆಯುವವರಿಗೆ 50 ತುಸು ಇಕ್ಕಟ್ಟು. ಅವರು 35 ಮಿಲಿಮೀಟರಿನ ಎಫ್ 1.8 ನೋಡಲಿ. ನಿಕಾನ್ ಕೊಳ್ಳುವವರು ಒಂದು ಎಚ್ಚರ ವಹಿಸಬೇಕು. ಡಿ3000, ಡಿ5000 ಸರಣಿಯ ಬಾಡಿಗಳೊಳಗೆ ಫೋಕಸ್ ಮೋಟಾರು ಇಲ್ಲ. ಹಳೆಯ ಎಎಫ್-ಡಿ ಲೆನ್ಸುಗಳು ಅವುಗಳ ಮೇಲೆ ಕೂರುತ್ತವೆ, ಫೋಕಸ್ ಮಾತ್ರ ಕೈಯಲ್ಲೇ ತಿರುಗಿಸಬೇಕು. ಡಿ90, ಡಿ7000 ಸರಣಿಯಲ್ಲಿ ಆ ಮೋಟಾರು ಇದೆ. ಇನ್ನೊಂದು ಕಡೆ, ಎಎಫ್-ಪಿ ಎಂದು ಬರೆದಿರುವ ಹೊಸ ಲೆನ್ಸುಗಳು ಡಿ90, ಡಿ3200ರಂಥ ಹಳೆಯ ಬಾಡಿಗಳ ಮೇಲೆ ಫೋಕಸ್ಸೇ ಆಗುವುದಿಲ್ಲ. ಲೆನ್ಸಿನ ಹೆಸರಿನಲ್ಲಿರುವ ಎರಡು ಮೂರು ಅಕ್ಷರ ಓದದೆ ದುಡ್ಡು ಕೊಡಬೇಡಿ.

ಹಕ್ಕಿಯ ಹುಚ್ಚಿನವರ ಲೆಕ್ಕವೇ ಬೇರೆ. ಅವರಿಗೆ ಬೇಕಾದದ್ದು ಉದ್ದದ ಲೆನ್ಸ್, ಅದು ದುಬಾರಿ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಾದರೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಊರ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. 55-250ರ ಸಾಧಾರಣ ಜೂಮ್ ಅಲ್ಲಿಗೆ ಧಾರಾಳ ಸಾಕು. ಹಿತ್ತಲ ದಾಸವಾಳಕ್ಕೆ ಬರುವ ಸೂರಕ್ಕಿ ಹಾಗಲ್ಲ. ಅಂಗೈಯಲ್ಲಿ ಅಡಗುವ ಗಾತ್ರ, ಒಂದು ಕಡೆ ಕೂರುವ ಜಾಯಮಾನವೇ ಅಲ್ಲ. ಇಂಥವಕ್ಕೆ ಕಡಿಮೆ ಖರ್ಚಿನ ದಾರಿ ಎರಡು. ಒಂದು, ಲೆನ್ಸ್ ಬದಲಿಸಲಾಗದ, ಭಾರಿ ಜೂಮಿನ ಬ್ರಿಡ್ಜ್ ಕ್ಯಾಮೆರಾ. 2015ರಲ್ಲಿ ನಿಕಾನ್ ತಂದ ಪಿ900ದಲ್ಲಿ 83 ಪಟ್ಟು ಆಪ್ಟಿಕಲ್ ಜೂಮ್ ಇತ್ತು. ಆ ಲೆನ್ಸನ್ನು ಪೂರ್ತಿ ಎಳೆದರೆ ಕೆರೆಯ ಆಚೆ ದಡದ ಹಕ್ಕಿಯ ಕೊಕ್ಕಿನ ಬಣ್ಣವನ್ನೂ ಹೇಳಬಹುದು. ಹಕ್ಕಿಯನ್ನು ಗುರುತಿಸಿ ದಾಖಲು ಮಾಡಿಕೊಳ್ಳುವುದಷ್ಟೇ ನಿಮ್ಮ ಉದ್ದೇಶವಾದರೆ ಇಂಥದ್ದನ್ನೇ ಸೆಕೆಂಡ್ ಹ್ಯಾಂಡಿನಲ್ಲಿ ಹುಡುಕಿ. ಅದರ ಸೆನ್ಸರ್ ನಾನಾಗಲೇ ಹೇಳಿದ ಪುಟಾಣಿ ಸೆನ್ಸರ್ ಎಂಬುದು ನೆನಪಿರಲಿ. ಬಯಲಿನ ಬಿಸಿಲಿನಲ್ಲಿ ಗೆಲ್ಲುತ್ತದೆ, ಮಲೆನಾಡಿನ ಕಾಡಿನ ನೆರಳಿನಲ್ಲಿ ಸೋಲುತ್ತದೆ. ಎರಡನೆಯ ದಾರಿ, ಒಳಗೆ ಕನ್ನಡಿಯಿರುವ ಹಳೆಯ ಡಿಎಸ್‌ಎಲ್‌ಆರ್ ಬಾಡಿಗೆ 55-250 ಅಥವಾ 70-300 ಲೆನ್ಸ್. ಅಷ್ಟು ದೂರ ಎಟುಕುವುದಿಲ್ಲ, ಹಕ್ಕಿಯ ಹತ್ತಿರ ಹೋಗುವ ವಿದ್ಯೆ ಕಲಿಯಬೇಕು. ಹಳೆಯ ಬಾಡಿ ಎಂದು ಅಳುಕಬೇಡಿ. ಆಟೋಫೋಕಸ್ ಇರುವ ಎಸ್‌ಎಲ್‌ಆರ್‌ಗಳು ಬಳಕೆಗೆ ಬಂದದ್ದು 1985ರ ಈಚೆಗೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರು ಅದಕ್ಕೂ ಮೊದಲೇ, ಫೋಕಸ್ಸನ್ನು ಕೈಯಲ್ಲೇ ತಿರುಗಿಸಿ, ಫಿಲ್ಮಿನ ಮೇಲೆ ನಮ್ಮ ಕಾಡಿನ ಚಿತ್ರ ತೆಗೆದವರು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಸುತ್ತ ಹಕ್ಕಿಗಳ ಬೆನ್ನು ಹತ್ತಿದ್ದೂ ಬಹುಕಾಲ ಫಿಲ್ಮ್ ಕ್ಯಾಮೆರಾ ಹಿಡಿದೇ. ಒಂದು ರೋಲಿಗೆ 36 ಚಿತ್ರ, ತೊಳೆಸುವವರೆಗೆ ಏನು ಬಂದಿದೆ ಎಂದು ಗೊತ್ತಾಗುವಂತಿಲ್ಲ. ನಿಮ್ಮ ಕೈಗೆ ಬರುವ ಹತ್ತು ವರ್ಷ ಹಳೆಯ ಡಿಜಿಟಲ್ ಬಾಡಿ ಆ ಫಿಲ್ಮ್ ಕ್ಯಾಮೆರಾಗಳಿಗಿಂತ ಎಷ್ಟೋ ಅನುಕೂಲದ್ದು.

ತಾಳೆಗರಿ, ಹಳೆಯ ಕಡತ, ಅಜ್ಜನ ಕಾಲದ ಪುಸ್ತಕಗಳನ್ನು ಪ್ರತಿ ಮಾಡಿಡಬೇಕು ಎನ್ನುವವರದು ಎಲ್ಲರಿಗಿಂತ ಅಗ್ಗದ ಕೆಲಸ. ಹಾಳೆ ಅಲುಗಾಡುವುದಿಲ್ಲ, ಎಷ್ಟು ಹೊತ್ತು ಬೇಕಾದರೂ ಕಾಯುತ್ತದೆ. ತೀರ ಹಳೆಯ ಬಾಡಿ, ಕಿಟ್ ಲೆನ್ಸ್, ಗಟ್ಟಿಯಾದ ಟ್ರೈಪಾಡು, ಎರಡೂ ಬದಿಯಿಂದ ಓರೆಯಾಗಿ ಬೀಳುವ ಒಂದೇ ಬಣ್ಣದ ಎರಡು ದೀಪ, ಇಷ್ಟಿದ್ದರೆ ಸಾಕು. ಬಾಡಿಯಲ್ಲಿ ಉಳಿಸಿದ್ದನ್ನು ಟ್ರೈಪಾಡಿಗೆ ಹಾಕಿ.

ಹಳೆಯ ಬಾಡಿ ಎಂದು ಇಷ್ಟು ಸಲ ಹೇಳಿದೆನಲ್ಲ, ಅದಕ್ಕೆ ಕಾರಣವಿದೆ. ಕನ್ನಡಿಯಿಲ್ಲದ, ಲೆನ್ಸ್ ಬದಲಿಸಬಹುದಾದ ಮಿರರ್‌ಲೆಸ್ ಕ್ಯಾಮೆರಾ ಪೇಟೆಗೆ ಕಾಲಿಟ್ಟದ್ದು 2008ರಲ್ಲಿ, ಪ್ಯಾನಸೋನಿಕ್‌ನಿಂದ. 2018ರಲ್ಲಿ ಕ್ಯಾನನ್, ನಿಕಾನ್ ಎರಡೂ ತಮ್ಮ ಹೊಸ ಮಿರರ್‌ಲೆಸ್ ಸರಣಿಗಳನ್ನು ಶುರುಮಾಡಿದವು. ಈಗ ಅವರ ಲೆನ್ಸ್ ಬದಲಿಸುವ ಹೊಸ ಮಾಡೆಲ್‌ಗಳೆಲ್ಲ ಆ ಜಾತಿಯವೇ. ಮದುವೆಯ ಫೋಟೊಗ್ರಾಫರುಗಳು, ಕೈ ತುಂಬ ಕಾಸಿರುವ ಹವ್ಯಾಸಿಗಳು ಆ ಕಡೆ ಹೊರಳಿದ್ದಾರೆ. ಅವರು ಬಿಟ್ಟ ಡಿಎಸ್‌ಎಲ್‌ಆರ್‌ಗಳು ಬೆಲೆಯಿಳಿದು ಮಾರಾಟಕ್ಕೆ ಬಂದಿವೆ. ಕ್ಯಾಮೆರಾ ಕೆಟ್ಟಿದ್ದಕ್ಕೆ ಬೆಲೆ ಇಳಿದದ್ದಲ್ಲ, ಫ್ಯಾಷನ್ ಬದಲಾದದ್ದಕ್ಕೆ. ಕ್ಯಾನನ್ನಿನ ಇಎಫ್ ಮೌಂಟ್ 1987ರದು. ಅಲ್ಲಿಂದೀಚೆಗೆ ಬಂದ ಲೆನ್ಸುಗಳು ರಾಶಿರಾಶಿಯಾಗಿ ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿವೆ. ಕಾಸಿಲ್ಲದವನ ಪಾಲಿಗೆ ಇಂಥ ಸುಗ್ಗಿ ಹಿಂದೆ ಬಂದಿರಲಿಲ್ಲ. ಹಾಗಂತ ಮಿರರ್‌ಲೆಸ್ ಬೇಡವೆನ್ನುತ್ತಿಲ್ಲ. ನಿಮ್ಮ ಮುಖ್ಯ ಕೆಲಸ ವಿಡಿಯೊ ಆಗಿದ್ದರೆ ಇನ್ನೊಂದಿಷ್ಟು ಹಣ ಸೇರಿಸಿ ಹಳೆಯ ಮಿರರ್‌ಲೆಸ್ ನೋಡಿ. 2014ರ ಸೋನಿ ಎ6000 ಇವತ್ತಿಗೂ ಕೈಬಿಡದ ಕ್ಯಾಮೆರಾ. ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಒಂದು ಹೆಚ್ಚಿಗೆ ಇಟ್ಟುಕೊಳ್ಳಬೇಕು, ಅಷ್ಟೇ. ತೀರ ಹಳೆಯ ಮಾಡೆಲ್ಲಾದರೆ ಬಿಡಿಭಾಗ ಸಿಗುತ್ತದೆಯೇ ಎಂದು ಸರ್ವಿಸ್ ಸೆಂಟರಿನಲ್ಲಿ ಕೇಳಿಕೊಂಡೇ ಮುಂದುವರಿಯಿರಿ.

ಸೆಕೆಂಡ್ ಹ್ಯಾಂಡ್ ಅಂದ ಕೂಡಲೇ ಜನ ಹೆದರುತ್ತಾರೆ. ಹೆದರಬೇಕಾದ್ದಿಲ್ಲ, ನೋಡುವುದನ್ನು ಕಲಿಯಬೇಕು. ಹೋಗುವಾಗ ಜೇಬಿನಲ್ಲಿ ನಿಮ್ಮದೇ ಒಂದು ಮೆಮರಿ ಕಾರ್ಡ್, ಒಂದು ಪುಟ್ಟ ಟಾರ್ಚ್, ಕಂಕುಳಲ್ಲಿ ಆವತ್ತಿನ ದಿನಪತ್ರಿಕೆ ಇರಲಿ. ಹಗಲು ಹೊತ್ತಿನಲ್ಲೇ ಹೋಗಿ.

ಮೊದಲು ಲೆನ್ಸ್ ಬಿಚ್ಚಿ, ಹಿಂದಿನಿಂದ ಟಾರ್ಚನ್ನು ಓರೆಯಾಗಿ ಹಿಡಿದು ಮುಂದಿನಿಂದ ನೋಡಿ. ಒಂದೆರಡು ಧೂಳಿನ ಕಣ ಕಂಡರೆ ಚಿಂತೆಯಿಲ್ಲ, ಚಿತ್ರದಲ್ಲಿ ಅದು ಕಾಣುವುದೇ ಇಲ್ಲ. ಗಾಜಿನ ಅಂಚಿನಿಂದ ಒಳಕ್ಕೆ ಸಣ್ಣ ಬಿಳಿ ಎಳೆಗಳು ಕವಲೊಡೆದು ಹಬ್ಬಿದ್ದರೆ ಅದು ಫಂಗಸ್. ಎಷ್ಟೇ ಅಗ್ಗವಾದರೂ ಆ ಲೆನ್ಸನ್ನು ಅಲ್ಲೇ ಇಟ್ಟುಬಿಡಿ. ಜೂಮಿನ ಬಳೆಯನ್ನು ತಿರುಗಿಸಿ ಕಿವಿಗೊಡಿ; ಕರಕರ ಸದ್ದು ಬಂದರೆ ಸಮುದ್ರದ ದಂಡೆಯ ಮರಳು ಒಳಗೆ ಹೊಕ್ಕಿರಬಹುದು. ಬಾಡಿಯ ತಳದ ಸ್ಕ್ರೂಗಳನ್ನು ನೋಡಿ. ಅವುಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿ ರಿಪೇರಿ ಮಾಡಿದ್ದಾರೆ. ಫ್ಲಾಶ್ ಸಿಕ್ಕಿಸುವ ಜಾಗದ ಬಣ್ಣ ಪೂರ್ತಿ ಹೋಗಿ ಲೋಹ ಹೊಳೆಯುತ್ತಿದ್ದರೆ ಆ ಕ್ಯಾಮೆರಾ ಮದುವೆ ಮನೆಗಳಲ್ಲಿ ದುಡಿದು ಬಂದದ್ದು. ದುಡಿದದ್ದು ಎಂದಮಾತ್ರಕ್ಕೆ ಬೇಡವೆಂದಲ್ಲ, ಅದಕ್ಕೆ ತಕ್ಕಂತೆ ಬೆಲೆ ಇಳಿಯಬೇಕು.

ದುಡಿಮೆಯ ಲೆಕ್ಕ ಶಟರ್ ಕೌಂಟ್‌ನಲ್ಲಿ ಸಿಗುತ್ತದೆ. ಸಾಧಾರಣ ಡಿಎಸ್‌ಎಲ್‌ಆರ್ ಶಟರ್ ಸುಮಾರು 1 ಲಕ್ಷ ಸಲ ಬಡಿಯಲೆಂದು ತಯಾರಾಗಿರುತ್ತದೆ. ನಿಕಾನ್ ಚಿತ್ರದ ಫೈಲಿನೊಳಗೇ ಆ ಸಂಖ್ಯೆ ಇರುತ್ತದೆ, ಕಂಪ್ಯೂಟರಿನಲ್ಲಿ ತೆರೆದು ನೋಡಬಹುದು. ಕ್ಯಾನನ್‌ನಲ್ಲಿ ಅಷ್ಟು ಸುಲಭವಲ್ಲ, ಸರ್ವಿಸ್ ಸೆಂಟರಿನಲ್ಲಿ ಕೇಳಬೇಕಾಗುತ್ತದೆ. 20–30 ಸಾವಿರದ ಒಳಗಿದ್ದರೆ ಕಣ್ಣು ಮುಚ್ಚಿ ಮುಂದುವರಿಯಬಹುದು. 80 ಸಾವಿರ ದಾಟಿದ್ದರೆ ಮುಂದೆ ಶಟರ್ ಬದಲಿಸುವ ಖರ್ಚನ್ನು ಈಗಲೇ ಬೆಲೆಯಿಂದ ಕಳೆಯಿರಿ.

ಆಮೇಲೆ ಚಿತ್ರ ತೆಗೆದು ನೋಡಿ. ಅಪರ್ಚರನ್ನು ಎಫ್ 16ಕ್ಕೆ ಇಟ್ಟು ಮೋಡವಿಲ್ಲದ ಆಕಾಶದ ಒಂದು ಚಿತ್ರ ತೆಗೆದು ದೊಡ್ಡದು ಮಾಡಿ. ಮಬ್ಬು ಚುಕ್ಕಿಗಳು ಕಂಡರೆ ಸೆನ್ಸರಿನ ಧೂಳು, ಒರೆಸಿದರೆ ಹೋಗುತ್ತದೆ. ಗೆರೆ ಕಂಡರೆ ಗೀರು ಬಿದ್ದಿರಬಹುದು, ಬಿಟ್ಟುಬಿಡಿ. ದಿನಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, ಓರೆಯಾಗಿ ನಿಂತು, ಅಪರ್ಚರ್ ಪೂರ್ತಿ ತೆರೆದು, ನಡುವಿನ ಒಂದು ತಲೆಬರಹದ ಮೇಲೆ ಫೋಕಸ್ ಮಾಡಿ ತೆಗೆಯಿರಿ. ಆ ತಲೆಬರಹ ಬಿಟ್ಟು ಅದರ ಹಿಂದಿನದೋ ಮುಂದಿನದೋ ಸ್ಪಷ್ಟವಾಗಿದ್ದರೆ ಫೋಕಸ್ ಹೊಂದಾಣಿಕೆ ತಪ್ಪಿದೆ. ಬ್ಯಾಟರಿ ತೆಗೆದು ನೋಡಿ, ಉಬ್ಬಿರಬಾರದು. ಕಡೆಯದಾಗಿ ಕಾಗದಪತ್ರ. ಹಳೆಯ ಬಿಲ್ಲಿನ ಮೇಲಿನ ಸೀರಿಯಲ್ ನಂಬರ್ ಬಾಡಿಯ ತಳದ ನಂಬರಿಗೆ ತಾಳೆಯಾಗಬೇಕು. ಮಾರುವವರ ಗುರುತಿನ ಚೀಟಿಯ ಪ್ರತಿ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ನೀವೂ ಹಿಂದೆ ಸರಿಯಿರಿ. ಕಳವಿನ ಮಾಲು ಅಗ್ಗಕ್ಕೇ ಸಿಗುವುದು.

ಹೊಸದನ್ನೇ ಕೊಳ್ಳುವವರಿಗೂ ಒಂದು ಮಾತು. "ಬಿಲ್ ಬೇಡ ಅಂದ್ರೆ ಇನ್ನೂ ನಾಲ್ಕು ಸಾವಿರ ಕಮ್ಮಿ ಮಾಡ್ಕೊಡ್ತೀನಿ" ಎಂಬ ಮಾತು ಕೆಲವು ಅಂಗಡಿಗಳಲ್ಲಿ ಕೇಳಿಬರುತ್ತದೆ. ಡಿಜಿಟಲ್ ಕ್ಯಾಮೆರಾ ಮೇಲಿನ ಜಿಎಸ್‌ಟಿ 2019ರ ಜನವರಿಯಲ್ಲಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಇಳಿದ ಮೇಲೂ ಈ ಆಮಿಷ ನಿಂತಿಲ್ಲ. ಬಿಲ್ ಇಲ್ಲವೆಂದರೆ ವಾರಂಟಿ ಇಲ್ಲ. ಮುಂದೆ ನೀವೇ ಮಾರಲು ಹೊರಟಾಗ ಬೆಲೆಯೂ ಬರುವುದಿಲ್ಲ. ಉಳಿಸಿದ ನಾಲ್ಕು ಸಾವಿರ ಒಂದು ರಿಪೇರಿಗೆ ಹೋಗುತ್ತದೆ. ಕೊಳ್ಳಲೋ ಬೇಡವೋ ಎಂಬ ಗೊಂದಲವಿದ್ದರೆ ಬಾಡಿಗೆಗೆ ತನ್ನಿ. ದೊಡ್ಡ ಊರುಗಳಲ್ಲಿ ದಿನದ ಲೆಕ್ಕದಲ್ಲಿ ಕ್ಯಾಮೆರಾ, ಲೆನ್ಸ್ ಬಾಡಿಗೆಗೆ ಕೊಡುವವರಿದ್ದಾರೆ. ಒಂದು ಶನಿವಾರ, ಭಾನುವಾರ ಕೈಯಲ್ಲಿ ಹಿಡಿದು ತಿರುಗಾಡಿದರೆ ತೂಕ ಒಗ್ಗುತ್ತದೆಯೇ, ಬಟನ್‌ಗಳು ಬೆರಳಿಗೆ ಎಟುಕುತ್ತವೆಯೇ ಎಂಬುದು ತಿಳಿಯುತ್ತದೆ. ವರ್ಷಕ್ಕೊಮ್ಮೆ ಬೇಕಾಗುವ ದೊಡ್ಡ ಲೆನ್ಸನ್ನು ಕೊಳ್ಳಲೇಬೇಡಿ, ಬಾಡಿಗೆಗೇ ತನ್ನಿ.

ಈಗ 25 ಸಾವಿರವನ್ನು ಹಂಚೋಣ. ಹಳೆಯ ಬಾಡಿಯ ಮೇಲೆ 13 ಸಾವಿರ ದಾಟಬೇಡಿ. ನಿಮ್ಮ ಕೆಲಸಕ್ಕೆ ತಕ್ಕ ಒಂದು ಲೆನ್ಸಿಗೆ 7 ಸಾವಿರ. ಇನ್ನೊಂದು ಬ್ಯಾಟರಿ, ನಂಬಿಕೆಯ ಅಂಗಡಿಯಿಂದ ತಂದ ಒಂದು ಮೆಮರಿ ಕಾರ್ಡ್, ಇವೆರಡಕ್ಕೆ ಎರಡೂವರೆ ಸಾವಿರ. ಕ್ಯಾಮೆರಾ ಇಡುವ ಡಬ್ಬಿ, ಧೂಳು ಊದುವ ಬ್ಲೋವರ್‌ಗೆ 1 ಸಾವಿರ. ಮಿಕ್ಕ ಒಂದೂವರೆ ಸಾವಿರ ಕೈಯಲ್ಲಿರಲಿ, ಬೇಗನೆ ಏನೋ ಒಂದಕ್ಕೆ ಬೇಕಾಗುತ್ತದೆ. ನಿಮ್ಮ ಪೇಟೆಯಲ್ಲಿ ಬೆಲೆ ಸ್ವಲ್ಪ ಹೆಚ್ಚುಕಡಿಮೆಯಾಗಬಹುದು. ಆದರೆ ಅರ್ಧಕ್ಕಿಂತ ಬಹಳ ಹೆಚ್ಚು ಹಣ ಬಾಡಿಯ ಪಾಲಿಗೆ ಹೋಗಬಾರದೆಂಬ ಕಟ್ಟುಪಾಡನ್ನು ಮುರಿಯಬೇಡಿ. ಬಾಡಿ ನಾಲ್ಕೈದು ವರ್ಷಕ್ಕೆ ಹಳತಾಗುತ್ತದೆ. ಒಳ್ಳೆಯ ಲೆನ್ಸ್ ಅದಾದ ಮೇಲೆ ಬರುವ ಬಾಡಿಗಳಿಗೂ ಆಗುತ್ತದೆ.

ಡಬ್ಬಿಯ ವಿಷಯ ಸುಮ್ಮನೆ ಹೇಳಲಿಲ್ಲ. ಆಗುಂಬೆ, ಮಡಿಕೇರಿ, ಕರಾವಳಿಯ ಮಳೆಗಾಲದ ತೇವದಲ್ಲಿ ಬಟ್ಟೆಗೇ ಬೂಸರು ಹಿಡಿಯುತ್ತದೆ, ಲೆನ್ಸಿನ ಗಾಜನ್ನು ಬಿಟ್ಟೀತೇ? ಬೀರುವಿನ ಚರ್ಮದ ಚೀಲದಲ್ಲಿ ಮುಚ್ಚಿಟ್ಟ ಕ್ಯಾಮೆರಾ ಒಂದೇ ಮಳೆಗಾಲದಲ್ಲಿ ಹಾಳಾಗಬಹುದು. ಗಾಳಿಯಾಡದಂತೆ ಮುಚ್ಚುವ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್ ಇಷ್ಟೇ ಸಾಕು. ತೇವಾಂಶ 40ರಿಂದ 50ರ ನಡುವೆ ಇರಲಿ. ಬಣ್ಣ ಬದಲಿಸುವ ಸಿಲಿಕಾ ಜೆಲ್ಲಾದರೆ ಬಣ್ಣ ತಿರುಗಿದಾಗ ಬಿಸಿಮಾಡಿ ಒಣಗಿಸಿ ಮತ್ತೆ ಹಾಕಿ. ಎಲ್ಲಕ್ಕಿಂತ ಒಳ್ಳೆಯ ಔಷಧಿ ಕ್ಯಾಮೆರಾವನ್ನು ಹೊರಗೆ ತೆಗೆದು ಬಳಸುತ್ತಿರುವುದು.

ಇಷ್ಟು ಕೇಳಿದ ಮೇಲೂ ಯಾವುದು ಕೊಳ್ಳಬೇಕು ಎಂಬ ಅನುಮಾನ ಉಳಿದಿದ್ದರೆ ಅಂಗಡಿಗೆ ಹೊರಡುವ ಮುನ್ನ ಮನೆಯಲ್ಲೇ ಒಂದು ಕೆಲಸ ಮಾಡಿ. ಈಗಾಗಲೇ ನಿಮ್ಮ ಫೋನಿನಲ್ಲಿರುವ ಚಿತ್ರಗಳಲ್ಲಿ, ಇದು ಇನ್ನೂ ಚೆನ್ನಾಗಿ ಬರಬೇಕಿತ್ತು ಎಂದು ನಿಮ್ಮ ಮನಸ್ಸಿಗೆ ಅನ್ನಿಸಿದ 20 ಚಿತ್ರಗಳನ್ನು ಆರಿಸಿ. ಒಂದೊಂದರ ಎದುರೂ ಅದು ಯಾಕೆ ಕೆಟ್ಟಿತು ಎಂದು ಒಂದೇ ಮಾತಿನಲ್ಲಿ ಬರೆಯಿರಿ: ಕತ್ತಲೆ, ದೂರ, ಅಲುಗಾಟ, ಬಣ್ಣ. ಯಾವ ಮಾತು ಹೆಚ್ಚು ಸಲ ಬಂದಿದೆಯೋ ನಿಮ್ಮ ಹಣ ಹೋಗಬೇಕಾದದ್ದು ಆ ಕಡೆಗೆ. ಕತ್ತಲೆ ಎಂದು ಬರೆದಿದ್ದರೆ ಎಫ್ 1.8 ಲೆನ್ಸ್. ದೂರ ಎಂದಿದ್ದರೆ ಉದ್ದದ ಜೂಮ್. ಅಲುಗಾಟ ಎಂದಿದ್ದರೆ ಟ್ರೈಪಾಡು. ಬಣ್ಣ ಎಂದಿದ್ದರೆ ಕಿಟಕಿಯ ಬೆಳಕು. ಇವು ಯಾವುದೂ ಅಲ್ಲದೆ ಚಿತ್ರವೇ ಸಪ್ಪೆ ಎಂದು ಹೆಚ್ಚು ಸಲ ಬರೆದಿದ್ದರೆ ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ನಾಳೆಯಿಂದ ಸೂರ್ಯ ಹುಟ್ಟುವ ಹೊತ್ತಿಗೆ ಫೋನು ಹಿಡಿದು ಹೊರಗೆ ನಿಲ್ಲಿ. ಆ ಬೆಳಕಿಗೆ ಯಾರೂ ಬೆಲೆ ಕೇಳುವುದಿಲ್ಲ, 25 ಸಾವಿರ ಹಾಗೇ ಉಳಿಯುತ್ತದೆ.